ಕೊಮೇರ್ ಚಿನ್ನಯ್ಯಣ್ಣ

ಹಡಗಿನ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿ ಬಂದು ಬಿ.ಸಿ.ರೋಡಿನಲ್ಲಿ ಕೋಣೆ ಹಿಡಿದಿರುವ ಚಿನ್ನಯ್ಯಣ್ಣನಿಗೆ, ಜೊತೆಯವರಾಡುತ್ತಿದ್ದ ಸ್ಪ್ಯಾನಿಷ್‌ನಲ್ಲಿ ನೆನಪುಳಿದಿರುವುದು ಒಂದೇ ಕ್ರಿಯಾಪದ. “ಕೊಮೇರ್ ಅಂದರೆ ಉಣ್ಣುವುದು ಮಾರಾಯ. ಅವರಲ್ಲಿಯೂ ಸಿಕ್ಕಿದವರ ಹತ್ತಿರ ಊಟ ಆಯ್ತಾ ಅಂತ ಕೇಳುವ ಕ್ರಮ ಉಂಟು,” ಎನ್ನುತ್ತ ಬಸ್‌ಸ್ಟ್ಯಾಂಡಿಗೆ ಇಳಿದರೆ ಕಂಡಕ್ಟರು, ಹೂ ಮಾರುವ ಪ್ರೇಮಕ್ಕ, ಮೂಡುಬಿದಿರೆ ಬಸ್ಸಿಗೆ ಓಡುವ ಕಾಲೇಜು ಮಕ್ಕಳು, ಯಾರನ್ನೂ ಬಿಡುವುದಿಲ್ಲ: “ಯಾ ಕೊಮಿಸ್ತೆ?” ಎಲ್ಲರೂ “ಆಯ್ತು ಚಿನ್ನಯ್ಯಣ್ಣ” ಎನ್ನುತ್ತಾರೆ, ಬೆಳಗ್ಗೆ ಹತ್ತಕ್ಕೇ ಇಡೀ ಪೇಟೆಯ ಊಟ ಆಗಿರುತ್ತದೆ. ಇಲ್ಲವೆಂದರೆ, ಪಾಪ, ಒಂಟಿ ಮನುಷ್ಯ ತಮ್ಮನ್ನು ಊಟಕ್ಕೆ ಮನೆಗೆ ಕರೆಯಬೇಕಾಗುತ್ತದಲ್ಲ ಎಂಬ ದಾಕ್ಷಿಣ್ಯ ಅವರಿಗೆ. ಆದರೆ ಹಡಗಿಗೆಲ್ಲ ಬೇಯಿಸಿದ ಆ ಕೈಗೆ ಒಬ್ಬನಿಗಾಗುವಷ್ಟೇ ಅಕ್ಕಿ ಹಾಕಲು ಇನ್ನೂ ಬರುವುದಿಲ್ಲ. ಕೋಣೆಯಲ್ಲಿ ತುಂಬಿದ ಪಾತ್ರೆಗೆ ಮುಚ್ಚಳ ಹಾಕಿಟ್ಟು, ಒಬ್ಬರಾದರೂ “ಇಲ್ಲ” ಎನ್ನಲಿ ಎಂದೇ ಚಿನ್ನಯ್ಯಣ್ಣ ದಿನವೂ ಕೇಳುವುದು.