ಮುಂದಕ್ಕೋಗವ್ವ

ಕಳಲೆಯ ಸರ್ವಮಂಗಳಾ ನಂಜನಗೂಡಿನ ಕಿವಿ ಕೇಳದ ಮಕ್ಕಳ ಹಾಸ್ಟೆಲಿಗಾಗಿ ಊರೂರು ತಿರುಗಿ ಅಕ್ಕಿ, ರಾಗಿ ಎತ್ತುತ್ತಿದ್ದ ಮೊದಲ ವರುಷವದು. ಮನೆಮನೆಯ ಬಾಗಿಲಿಗೇ ಹೋಗಿ ನಿಲ್ಲಬೇಕು. ಹಾಸ್ಟೆಲಿನಲ್ಲಿ ಅಡುಗೆಯವರಿಗೆ ಅಡುಗೆಯವರು ಜೊತೆ, ಮೇಷ್ಟರಿಗೆ ಮೇಷ್ಟರು ಜೊತೆ. ಕೇಳಿ ತರುವವಳು ಇವಳೊಬ್ಬಳೇ. ಕೊಟ್ಟವರ ಸುದ್ದಿ ಎಲ್ಲರಿಗೂ ಬೇಕು. ಕೊಡದವರು ಆಡಿದ ಮಾತನ್ನು ಯಾರ ಮುಂದೆ ಹೇಳುವುದು? ಗಂಡನಿಗೆ ಹೇಳಿದರೆ, "ಬುಟ್ಬುಡು ಅತ್ಲಾಗೆ" ಅನ್ನುತ್ತಿದ್ದ.

ಅವಳನ್ನು ಕೊರೆಯುತ್ತಿದ್ದುದು ಒಂದೇ ಮಾತು. "ಮುಂದಕ್ಕೋಗವ್ವ." ಭಿಕ್ಷೆಯವರಿಗೆ ಅನ್ನುವ ಮಾತು. ಅವಳ ತಾಯಿಯೂ ಜಗಲಿಯಲ್ಲಿ ಮೊರ ಹಿಡಿದು ಕೂತು, ತಲೆ ಎತ್ತದೆ ಹಾಗೇ ಅನ್ನುತ್ತಿದ್ದಳು.

ಆ ಸುಗ್ಗಿಯಲ್ಲಿ ಮೂಗೂರಿನ ಮೂರು ಮನೆಗಳಲ್ಲಿ ಸಾಲಾಗಿ ಅದೇ ಮಾತು ಬಿತ್ತು. ರಸೀತಿ ಪುಸ್ತಕವನ್ನು ನಾಳೆಯೇ ವಾಪಸು ಕೊಟ್ಟುಬಿಡುವುದೆಂದು ಗಟ್ಟಿಮಾಡಿಕೊಂಡು ಸರ್ವಮಂಗಳಾ ನರಸೀಪುರದ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಳು. ಪಕ್ಕದಲ್ಲಿ ವಯಸ್ಸಾದ ಒಬ್ಬ ಹೆಂಗಸು. ಕಾಲ ಬಳಿ ಅರೆ ತುಂಬಿದ ಚೀಲ, ಕಂಕುಳಲ್ಲಿ ಅಂಥದೇ ರಸೀತಿ ಪುಸ್ತಕ. ನರಸೀಪುರದಲ್ಲಿ ದಿಕ್ಕಿಲ್ಲದ ಮುದುಕಿಯರಿಗೊಂದು ಆಶ್ರಮವಿತ್ತು. ಅದಕ್ಕೆ ಕೇಳಿಕೊಂಡು ಬಂದಿದ್ದವಳು ಚನ್ನಬಸಮ್ಮ.

"ಇವತ್ ಎಷ್ಟು ಮುಂದಕ್ಕೋದ್ಯವ್ವ?" ಎಂದಳು ಚನ್ನಬಸಮ್ಮ.

ಸರ್ವಮಂಗಳಾ ಬೆಚ್ಚಿದಳು. "ನಿಮ್ಗೂ ಅಂದ್ರಾ?"

"ಅನ್ನದೆ ಬುಟ್ಟಾರಾ? ನಂದು ಅನ್ನೊಂದು ಮನೆ. ನಿಂದು?"

"ಮೂರು."

"ಥೂ! ಮೂರಕ್ಕೇ ಮೊಕ ಇಳೀ ಬುಟ್ಕಂಡು ಕೂತಿದ್ದೀಯಾ? ಮುಂದಕ್ಕೋಗು ಅಂದ್ರೆ ಮನೆಗೋಗು ಅಂತಲ್ಲ ಕಣವ್ವ. ಮುಂದ್ಲ ಮನೆಗೋಗು ಅಂತ. ಅವ್ರೇ ದಾರಿ ತೋರುಸ್ತಾವ್ರೆ, ನೀನು ಅಳ್ತಾ ಕೂತಿದ್ದೀಯ!"

ಎಷ್ಟೋ ತಿಂಗಳ ಮೇಲೆ ಸರ್ವಮಂಗಳಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಸ್ಸು ಬಂತು, ಹೋಯಿತು. ಇಬ್ಬರೂ ಎದ್ದು ನಾಲ್ಕನೇ ಮನೆಗೆ ನಡೆದರು. ಅಲ್ಲಿ ಎರಡು ಸೇರು ಅಕ್ಕಿ ಸಿಕ್ಕಿತು. ಸಮನಾಗಿ ಹಂಚಿಕೊಂಡರು. ರಸೀತಿ ಪುಸ್ತಕ ವಾಪಸು ಹೋಗಲಿಲ್ಲ.

ಆಮೇಲೆ ಪ್ರತಿ ಗುರುವಾರ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಡಲೆಪುರಿ ತಿನ್ನುತ್ತ ಇಬ್ಬರ ಮಾತು. ಯಾವ ಮನೆಯಲ್ಲಿ ಅತ್ತೆಯನ್ನೇ ಕೇಳಬೇಕು, ಎಲ್ಲಿ ನಾಯಿ ಕಚ್ಚುತ್ತದೆ, ಎಲ್ಲಿ ಮೊದಲು ನೀರು ಕೇಳಿದರೆ ಮನಸ್ಸು ಕರಗುತ್ತದೆ. ಅಂಥ ಗುರುವಾರಗಳು ಈಗಿಲ್ಲ. ಚನ್ನಬಸಮ್ಮನಿಗೆ ಮಂಡಿ ನೋವು. ಮಗಳ ಮನೆಯಲ್ಲೇ ಇರುತ್ತಾಳೆ.

ಮೊನ್ನೆ ಹಾಸ್ಟೆಲಿನ ಕೆಲಸಕ್ಕೆ ಹೊಸದಾಗಿ ಸೇರಿದ ಅರ್ಪಿತ, ಚಿಕ್ಕಯ್ಯನಛತ್ರದ ಕಡೆಯಿಂದ ಖಾಲಿ ಚೀಲದೊಂದಿಗೆ ಬಂದು, ಈ ಕೆಲಸ ನನಗಾಗದು ಎಂದು ಕಣ್ಣೊರೆಸಿಕೊಂಡಳು. ಸರ್ವಮಂಗಳಾ ಬುದ್ಧಿ ಹೇಳಹೋಗಲಿಲ್ಲ. ಚನ್ನಬಸಮ್ಮನಿಗೆ ಫೋನು ಹಚ್ಚಿ, "ನಮ್ ಹೊಸ ಹುಡುಗಿಗೂ ಮುಂದಕ್ಕೋಗು ಅಂದವ್ರೆ" ಎಂದು ಅವಳ ಕೈಗೆ ಕೊಟ್ಟಳು.

"ಎಷ್ಟು ಮುಂದಕ್ಕೋದ್ಯವ್ವ?" ಎಂದಿತು ಆ ಕಡೆಯ ದನಿ.

"ಹದಿನಾಲ್ಕು, ಅಜ್ಜಿ."

"ಅಯ್ಯೋ ನಿನ್ ಮನೆ ಕಾಯ್ವಾಗ! ನನ್ನೂ ದಾಟ್ಬುಟ್ಯಲ್ಲೇ!"

ಅರ್ಪಿತ ಅಳುತ್ತಲೇ ನಕ್ಕಳು.