ಕೊಲೆಗಾರನ ಹೆಸರು ಹೇಳದ ಸಾಲು

ಜೂನ್ ತಿಂಗಳ ಎರಡನೆಯ ವಾರ, ಬೆಳಗಿನ ಐದೂವರೆ. ಇಟಲಿಯ ಚೆಸೆನಾತಿಕೊದ ಕಡಲಿಗೆ ಇನ್ನೂ ಬಣ್ಣ ಬಂದಿಲ್ಲ. ಕೊಡೆ, ಕುರ್ಚಿ ಬಾಡಿಗೆಗೆ ಕೊಡುವ ಬಾನ್ಯೊ ಓರ್ನೆಲ್ಲಾದ ಮರಳಿನ ಮೇಲೆ ನೀವೆಸ್ ಜೊಫ್ಫೊಲಿ ಮರದ ಹಲ್ಲಿನ ಕುಂಟೆ ಎಳೆಯುತ್ತಿದ್ದಾರೆ. ಸಿಗರೇಟಿನ ತುಂಡು, ಪೀಚ್ ಹಣ್ಣಿನ ಓಟೆ, ಮಗುವಿನ ಒಂಟಿ ಚಪ್ಪಲಿ ಬಕೆಟ್ಟಿಗೆ ಬೀಳುತ್ತವೆ. ಕುಂಟೆ ಮೂಲೆಗೆ ಒರಗಿಸಿ ಕೊಡೆ ಬಿಚ್ಚಲು ಹೊರಡುತ್ತಾರೆ. ಬೇರೆ ವರ್ಷಗಳಲ್ಲಿ ಮೊದಲ ಸಾಲಿನ ತುದಿಯಿಂದ ಶುರು ಮಾಡುತ್ತಿದ್ದವರು ಈ ವರ್ಷ ನೇರವಾಗಿ ಎರಡನೆಯ ಸಾಲಿನ ನಡುವಿನ ಕೊಡೆಗೆ ಹೋಗುತ್ತಾರೆ. ಅದನ್ನು ಬಿಚ್ಚಿ, ಅದರ ಕೆಳಗಿನ ಕುರ್ಚಿಯನ್ನು ಸಮುದ್ರಕ್ಕೆ ಬೆನ್ನು ಮಾಡಿ ಇಡುತ್ತಾರೆ.

ನಮ್ಮ ಕಡಲು ಮೂಡಣ ದಿಕ್ಕಿಗಿದೆ. ಸೂರ್ಯ ಹುಟ್ಟಿದರೆ ನೇರ ಕಣ್ಣಿಗೇ ಬರುತ್ತಾನೆ. ಓದುವವರಿಗೆ ಬೆಳಕು ಹೆಗಲ ಮೇಲಿಂದ ಇಳಿಯಬೇಕು. ಅದಕ್ಕೆ ಕುರ್ಚಿಯ ಈ ತಿರುವು.

ಮುಳುಗುವವರನ್ನು ಎತ್ತುವ ಕೆಲಸದ ಫೌಸ್ತೊ ತನ್ನ ಕೆಂಪು ದೋಣಿಯನ್ನು ನೀರಿನ ಕಡೆ ತಳ್ಳುತ್ತ ನಿಲ್ಲುತ್ತಾನೆ. "ಅಕ್ಕಾ, ಎರಡನೇ ಸಾಲಿಗೆ ದುಡ್ಡು ಕಟ್ಟಿ ಪಾಪ ಆ ಯಮ್ಮ ಕಕ್ಕಸಿನ ಬಾಗ್ಲು ನೋಡ್ಕೊಂಡು ಕೂರ್ಬೇಕಾ?"

"ನಿನ್ನ ಮುಖ ನೋಡೋದಕ್ಕಿಂತ ಅದೇ ವಾಸಿ ಕಣೋ," ಎನ್ನುತ್ತಾರೆ ನೀವೆಸ್, ಕೊಡೆಯ ತಿರುಪು ಬಿಗಿ ಮಾಡುತ್ತಲೇ.

ನೀವೆಸ್‌ಗೆ ಈಗ ಐವತ್ತೆಂಟು. ಅಪ್ಪ ಇದೇ ಬಂದರಿನಲ್ಲಿ ಬೂತಾಯಿ ಮೀನು ಹಿಡಿಯುತ್ತಿದ್ದವರು. ಬೇಸಿಗೆಯಲ್ಲಿ ಕೊಡೆ, ಚಳಿಗಾಲದಲ್ಲಿ ಫಾಯೆಂಜಾ ಕಡೆಯ ಗೋದಾಮಿನಲ್ಲಿ ಕಿವಿ ಹಣ್ಣು ಪೆಟ್ಟಿಗೆಗೆ ತುಂಬುವ ಕೆಲಸ. ಮದುವೆ ಆಗಿತ್ತು. ಗಂಡ ಒಂದು ವಸಂತದಲ್ಲಿ ಆಸ್ಟ್ರಿಯಾಕ್ಕೆ ಹೋಟೆಲ್ ಕೆಲಸಕ್ಕೆಂದು ಹೋದವನು ಅಲ್ಲೇ ಉಳಿದುಕೊಂಡ. ಸೊಂಟ ನೋವಿಗೆ ಪಟ್ಟಿ ಬಿಗಿದುಕೊಂಡೇ ಕುಂಟೆ ಎಳೆಯುತ್ತಾರೆ. ಕೇಳಿದರೆ, "ಮರಳು ದಿನಾ ಹಾಳಾಗತ್ತೆ, ದಿನಾ ಸರಿ ಮಾಡ್ಬೇಕು. ಸೊಂಟಾನೂ ಹಂಗೇ," ಎಂದು ಮಾತು ಮುಗಿಸುತ್ತಾರೆ.

ಆದರೆ ಬೊಲೋನ್ಯಾದಿಂದ, ಮೊದೆನಾದಿಂದ ವರ್ಷ ವರ್ಷ ಇದೇ ಕೊಡೆಗಳ ಕೆಳಗೆ ಬಂದು ಕೂರುವವರು ನೀವೆಸ್ ಅವರನ್ನು ಹುಡುಕಿಕೊಂಡು ಬರುವುದು ಬೇರೆ ಕಾರಣಕ್ಕೆ. ಬಟ್ಟೆ ಬದಲಿಸುವ ಕೋಣೆಗಳ ಕೊನೆಯಲ್ಲಿ, ಹಿಂದೆ ಮುಳುಗುವವರಿಗೆ ಎಸೆಯುವ ತೇಲುಬಳೆಗಳನ್ನು ಇಡುತ್ತಿದ್ದ ಮರದ ಬೀರು ಒಂದಿದೆ. ಅದರ ತುಂಬ ಹಳದಿ. ನಮ್ಮಲ್ಲಿ ಕೊಲೆಯ ಕಥೆಗೆ ಹಳದಿ ಎಂದೇ ಹೆಸರು. ರಕ್ಷಾಪುಟ ಆ ಬಣ್ಣದ್ದಾದ್ದರಿಂದ ಜನ ಹಾಗೇ ಕರೆದುಬಿಟ್ಟರು. ನೀವೆಸ್ ಅವರ ಬೀರುವಿನಲ್ಲಿರುವ ಹಳದಿಗಳೆಲ್ಲ ಒಬ್ಬನೇ ಬರೆದವು: ಎಲ್ವಿಯೊ ಬ್ರಂದೋಲಿ. ಕಥೆಯೆಲ್ಲ ಒಬ್ಬ ಪೊಲೀಸಿನವನದು, ಹೆಸರು ವೆರ್ನೊಕ್ಕಿ. ಮಂಜು, ಜೌಗು, ಉಪ್ಪಿನ ಪಾತಿಗಳ ನಡುವೆ ಹೆಣ ಸಿಗುತ್ತದೆ. ವೆರ್ನೊಕ್ಕಿ ಹಳೆಯ ಸೈಕಲ್ಲಿನಲ್ಲಿ ಹೋಗಿ ಜನರ ಮಾತು ಕೇಳಿಸಿಕೊಳ್ಳುತ್ತಾನೆ, ಅಷ್ಟೇ.

"ಮೊದಲನೇದು ಯಾರೋ ಜರ್ಮನಿಯವರು ನೀರಲ್ಲಿ ಬೀಳಿಸಿ ಬಿಟ್ಟು ಹೋಗಿದ್ರು," ಎಂದು ನೀವೆಸ್ ನೆನೆಯುತ್ತಾರೆ. "ಹಾಳೆ ಉಬ್ಬಿ ರೊಟ್ಟಿ ಆಗಿತ್ತು. ಒಲೆ ಪಕ್ಕ ಒಣಗಿಸಿ ಓದ್ದೆ. ಕೊನೇ ಪುಟ ಅಂಟ್ಕೊಂಡು ಬರ್ಲೇ ಇಲ್ಲ. ಕೊಂದಿದ್ದು ಯಾರು ಅಂತ ತಿಳ್ಕೊಳಕ್ಕೆ ಇನ್ನೊಂದು ಕೊಂಡ್ಕೊಬೇಕಾಯ್ತು. ಹಂಗೆ ಹತ್ತಿದ್ದು ಈ ಚಟ."

ಯಾವುದು ಓದಲಿ ಎಂದು ಕೇಳಿದವರಿಗೆ ನೀವೆಸ್ ಸುಮ್ಮನೆ ಒಂದು ಕೈಗೆ ಕೊಡುವುದಿಲ್ಲ. ಎಷ್ಟು ದಿನ ಇರುತ್ತೀರಿ, ಜೊತೆಗೆ ಯಾರು ಬಂದಿದ್ದಾರೆ ಎಂದು ವಿಚಾರಿಸುತ್ತಾರೆ. ಬ್ರಂದೋಲಿಯನ್ನು ಮುಟ್ಟದವರಿಗೆ 'ಹಾವುಮೀನಿನ ಕಾಲುವೆ'. ಅದು ಅವನು ಬರೆದ ಮೊದಲನೆಯದಲ್ಲ, ಆದರೆ ಹೆಣ ಬೇಗ ಸಿಗುತ್ತದೆ. ನಿಜವಾದ ಮೊದಲನೆಯದು 'ಮೂರನೆಯ ಸಾಕ್ಷಿ'. ನಿಧಾನ, ಎರಡು ವಾರ ಉಳಿಯುವವರಿಗೇ ಸರಿ. ಬೇಗೆ ತಡೆಯಲಾರದವರಿಗೆ 'ಡಿಸೆಂಬರಿನ ದೀಪ', ಪೂರ್ತಿ ಮಂಜಿನಲ್ಲೇ ನಡೆಯುತ್ತದೆ. 'ಉಪ್ಪಿನ ಗೋದಾಮು' ಎಲ್ಲಕ್ಕಿಂತ ಚೆನ್ನಾಗಿದೆ, ಆದರೆ ಹೊಸದಾಗಿ ಮದುವೆಯಾದವರಿಗೆ ಕೊಡುವುದಿಲ್ಲ. "ಅದ್ರಲ್ಲಿ ಹೆಂಡ್ತಿ ಗಂಡನ್ನ ಸುಮ್ನೆ ನೋಡ್ತಿರ್ತಾಳೆ, ಇಡೀ ಪುಸ್ತಕ. ಒಂದು ಜೋಡಿಗೆ ಕೊಟ್ಟಿದ್ದೆ. ರಜಾ ಮುಗಿಯೋಕೆ ಮುಂಚೆ ಬೇರೆ ಬೇರೆ ರೈಲು ಹತ್ತಿದ್ರು. ಪುಸ್ತಕದ್ದೇ ತಪ್ಪು ಅಂತಲ್ಲ. ಆದ್ರೂ ಯಾಕೆ ಬೇಕು."

ಬೀರುವಿಗೆ ಬೀಗವಿಲ್ಲ. ಕಟ್ಟುಪಾಡು ಮಾತ್ರ ಒಂದಿದೆ. ಕೊಡೆಗಳ ಕೆಳಗೆ ಯಾರೂ ಕೊಲೆಗಾರನ ಹೆಸರು ಎತ್ತುವಂತಿಲ್ಲ. ಬಾಯಿ ತಪ್ಪಿ ಅಂದವರು ಇಡೀ ಸಾಲಿಗೆ ಕಲ್ಲಂಗಡಿ ಕೊಡಿಸಬೇಕು. ಮಾತಾಡಲೇಬೇಕಾದರೆ ಮೈಯ ಉಪ್ಪು ತೊಳೆದುಕೊಳ್ಳುವ ನಲ್ಲಿಗಳ ಹಿಂದಕ್ಕೆ ಹೋಗಬೇಕು. ಸಂಜೆ ಹೊತ್ತು ಅಲ್ಲಿ ಒದ್ದೆ ಕಾಲಿನ ನಾಲ್ಕು ಜನ ಪಿಸುಗುಟ್ಟುತ್ತಿದ್ದರೆ ಮನೆ ವಿಷಯ ಎಂದುಕೊಳ್ಳಬೇಡಿ, ಬ್ರಂದೋಲಿಯ ವಿಷಯ.

ಈ ವರ್ಷ ಆ ಕಟ್ಟುಪಾಡಿಗೆ ಹಿಂದೆಂದೂ ಬರದ ಪರೀಕ್ಷೆ ಬಂತು. ಮೇ ತಿಂಗಳಲ್ಲಿ 'ಕೊನೆಯ ದೋಣಿ' ಅಚ್ಚಾಗಿ ಬಂದಿತ್ತು. ವೆರ್ನೊಕ್ಕಿಯ ಕಥೆ ಇಲ್ಲಿಗೆ ಮುಗಿಯಿತು, ಇನ್ನು ಬರೆಯುವುದಿಲ್ಲ ಎಂದು ಬ್ರಂದೋಲಿಯೇ ಹೇಳಿಯೂ ಆಗಿತ್ತು. ಜೂನ್‌ನಲ್ಲಿ ಮೊದೆನಾದ ಜೆಲಿಂದಾ ಮೊನಾರಿ ಬಂದರು. ಆಸ್ಪತ್ರೆಯ ಬಟ್ಟೆ ಹೊಲಿಯುವ ಕೆಲಸದಲ್ಲಿ ಕಣ್ಣು ಸವೆಸಿದವರು, ಎಪ್ಪತ್ತೊಂಬತ್ತು ವರ್ಷ. ಪ್ರತಿ ವರ್ಷ ಜುಲೈನಲ್ಲಿ ಎರಡು ವಾರ ಇದ್ದು ಹೋಗುವವರು ಈ ಸಲ ಎರಡನೆಯ ಸಾಲಿನ ನಡುವಿನ ಕೊಡೆಯನ್ನು ಇಡೀ ಬೇಸಿಗೆಗೆ ಬಾಡಿಗೆಗೆ ಹಿಡಿದಿದ್ದರು.

ಕಾರಣವನ್ನು ನೀವೆಸ್‌ಗೆ ಮೊದಲ ದಿನವೇ ಹೇಳಿದರು. "ಕಣ್ಣಿನ ನಡೂಮಧ್ಯ ಮಸಿ ಕೂತಿದೆ ಕಣೇ. ಚಳಿಗಾಲಕ್ಕೆ ಅಕ್ಷರ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ವೆರ್ನೊಕ್ಕಿನ ಶುರುವಿಂದ ನನ್ನ ಕಣ್ಣಲ್ಲೇ ಓದಿದ್ದೀನಿ. ಕೊನೇದೂ ನನ್ನ ಕಣ್ಣಲ್ಲೇ ಆಗ್ಬೇಕು."

"ನಾನು ಓದಿ ಹೇಳ್ಲಾ ಅಮ್ಮ?"

"ನೀನು ಓದಿದ್ರೆ ಅದು ನಿನ್ನ ವೆರ್ನೊಕ್ಕಿ. ಬೇಡ."

ಜೆಲಿಂದಾ ಭೂತಗನ್ನಡಿ ಹಿಡಿದು ದಿನಕ್ಕೆ ಎರಡು ಮೂರು ಪುಟ ಓದುವವರು. ಅದೂ ಸೂರ್ಯ ಹುಟ್ಟಿದ ಮೇಲೆ, ಮರಳು ಬಿಳಿಚಿ ಕಣ್ಣು ಕುಕ್ಕುವುದಕ್ಕೆ ಮುಂಚೆ. ಆ ಲೆಕ್ಕದಲ್ಲಿ ಪುಸ್ತಕ ಮುಗಿಯಲು ಬೇಸಿಗೆ ಪೂರ್ತಿ ಬೇಕು. ಅಷ್ಟರಲ್ಲಿ ಉಳಿದವರು ತಮ್ಮ ತಮ್ಮ ಪ್ರತಿ ಕೊಂಡು ಓದಿ ಮುಗಿಸಿರುತ್ತಾರೆ. ಬೇಸಿಗೆಯಿಡೀ ಯಾರೂ ಬಾಯಿ ಬಿಡಬಾರದು.

ನೀವೆಸ್ ಒಂದೊಂದು ಕೊಡೆಯ ಕೆಳಗೂ ಬಗ್ಗಿ ಕೇಳಿಕೊಂಡರು. ಹೊಸಬರು ಬಂದಾಗ ಟವೆಲ್ ಹಾಸುವ ಮುಂಚೆಯೇ ವಿಷಯ ತಿಳಿಸಿದರು. ತಾವೂ 'ಕೊನೆಯ ದೋಣಿ'ಯನ್ನು ಮುಟ್ಟಲಿಲ್ಲ. "ಓದ್ಬಿಟ್ರೆ ನನ್ನ ಮುಖದಲ್ಲೇ ಗೊತ್ತಾಗ್ಬಿಡುತ್ತೆ. ನನಗೆ ಇಸ್ಪೀಟೂ ಆಡಕ್ಕೆ ಬರಲ್ಲ," ಎಂದರು.

ಜುಲೈ ಕೊನೆಯವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೊಂದು ಬೆಳಗ್ಗೆ ಈಶಾನ್ಯದ ಗಾಳಿ ಎದ್ದಿತು. ಫೌಸ್ತೊ ಕೆಂಪು ಬಾವುಟ ಏರಿಸಿದ. ನೀವೆಸ್ ಹಾರಿಹೋಗುವ ಕೊಡೆಗಳನ್ನು ಕಟ್ಟುತ್ತ ಮೊದಲ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. ಹಿಂದಿನ ಸಂಜೆಯಷ್ಟೇ ಬಂದಿದ್ದ ಮಿಲಾನಿನ ಗ್ವಾಲ್ತಿಯೆರೊ ಎಂಬಾತ ಮೂರನೆಯ ಸಾಲಿನಲ್ಲಿ, ಜೆಲಿಂದಾರ ಕುರ್ಚಿಯ ಸಮೀಪವೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಗಾಳಿಗೆ ಕೇಳಿಸದೆಂದು ದನಿ ಎತ್ತರಿಸಿದ್ದ. "ನಿನ್ನೆ ಮುಗಿಸ್ದೆ ಕಣಯ್ಯ ಬ್ರಂದೋಲೀನ! ಕೊಂದೋನು ಯಾರು ಗೊತ್ತಾ?" ಎಂದವನು ಹೆಸರನ್ನೂ ಹೇಳಿಬಿಟ್ಟ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದದವರು ಇನ್ನೂ ಇದ್ದಾರೆ.

ಸಾಲಿನಲ್ಲಿ ಇಸ್ಪೀಟು ಆಡುತ್ತಿದ್ದವರ ಕೈ ನಿಂತಿತು. ನೀವೆಸ್‌ಗೂ ಕೇಳಿಸಿತು. ಅವರು ಹಗ್ಗ ಬಿಟ್ಟು ಜೆಲಿಂದಾರ ಕಡೆ ನೋಡಿದರು. ಭೂತಗನ್ನಡಿ ಸಾಲಿನ ಮೇಲೆ ನಿಧಾನಕ್ಕೆ ಸರಿಯುತ್ತಲೇ ಇತ್ತು. ಜೆಲಿಂದಾ ತಲೆ ಎತ್ತಲಿಲ್ಲ. ಹಾಳೆ ಮಗುಚಿದರು. ಗಾಳಿ ಕಾಪಾಡಿತು ಎಂದುಕೊಂಡರು ಎಲ್ಲರೂ.

ಗ್ವಾಲ್ತಿಯೆರೊನನ್ನು ನಲ್ಲಿಗಳ ಹಿಂದೆ ಕರೆದೊಯ್ದರು. "ನನಗೇನ್ ಕನಸು ಬಿದ್ದಿತ್ತಾ? ಇದೇನ್ ಕಡಲೋ ಚರ್ಚೋ?" ಎಂದು ಅವನು ಮುನಿಸಿಕೊಂಡ.

"ಚರ್ಚಾದ್ರೆ ಪಾದ್ರಿ ಮಾಫಿ ಮಾಡ್ತಿದ್ರು ಸ್ವಾಮಿ," ಎಂದ ಫೌಸ್ತೊ. "ಇಲ್ಲಿ ಕಲ್ಲಂಗಡೀನೇ ಆಗ್ಬೇಕು."

ಮಧ್ಯಾಹ್ನ ಹಣ್ಣು ಬಂತು. ಜೆಲಿಂದಾಗೂ ಒಂದು ಹೋಳು ಕೊಟ್ಟರು. "ಏನು ವಿಶೇಷ?" ಎಂದು ಆಕೆ ಕೇಳಿದರು.

"ನನ್ನ ಹುಟ್ಟಿದ ಹಬ್ಬ ಅಜ್ಜಿ."

"ಜೂನ್‌ನಲ್ಲೂ ಒಂದ್ಸಲ ಹುಟ್ಟಿದ್ಯಲ್ಲೋ ಫೌಸ್ತೊ."

"ಆಗ ಯಾರೂ ಏನೂ ಕೊಡ್ಲಿಲ್ಲ ಅಜ್ಜಿ, ಅದಕ್ಕೆ ಇನ್ನೊಂದ್ಸಲ ಹುಟ್ಟಿದ್ದು."

ನೀವೆಸ್ ಮಾತ್ರ ನಗಲಿಲ್ಲ. "ಹೊಸಬರಿಗೆ ನಾನೇ ಹೇಳ್ಬೇಕಿತ್ತು. ಹಿಂದಿನ ಸಂಜೆ ಸೊಂಟ ಹಿಡ್ಕೊಂಡಿತ್ತು ಅಂತ ಬೇಗ ಮನೆಗೆ ಹೋಗ್ಬಿಟ್ಟಿದ್ದೆ," ಎಂದು ಎರಡು ದಿನ ಅದನ್ನೇ ಅಂದುಕೊಂಡರು.

ಆಗಸ್ಟ್‌ನಲ್ಲಿ ಜೆಲಿಂದಾರ ಓದು ಕುಂಟತೊಡಗಿತು. ಪದದ ನಡುವಿನ ಅಕ್ಷರ ಕಾಣುತ್ತಿರಲಿಲ್ಲ. ತಲೆ ಓರೆ ಮಾಡಿ ಕಣ್ಣಂಚಿನಿಂದ ಹಿಡಿಯಬೇಕಾಗಿತ್ತು. ದಿನಕ್ಕೆ ಒಂದು ಪುಟ, ಆಮೇಲೆ ಅರ್ಧ. ನೀವೆಸ್ ಅಪ್ಪನ ಕಾಲದ ನೀಲಿ ಹಾಯಿಬಟ್ಟೆ ತಂದು ಕುರ್ಚಿಯ ಸುತ್ತಲಿನ ಮರಳಿನ ಮೇಲೆ ಹಾಸಿದರು. ಮರಳಿನ ಝಳಪು ಕಡಿಮೆಯಾಗಿ ಓದಲು ಇನ್ನೊಂದಿಷ್ಟು ಹೊತ್ತು ಸಿಕ್ಕಿತು. ಆಗಸ್ಟ್ ನಡುವಿನ ದೊಡ್ಡ ಹಬ್ಬದ ದಿನ ಕಡಲತೀರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಬೆಳಗಿನ ಹೊತ್ತು ಎರಡನೆಯ ಸಾಲಿನವರು ಮಕ್ಕಳನ್ನು ನೀರಿನಂಚಿಗೆ ಅಟ್ಟಿ, ಆ ನೀಲಿ ಬಟ್ಟೆಯ ಸುತ್ತ ಗದ್ದಲವಾಗದಂತೆ ನೋಡಿಕೊಂಡರು.

ಕೊನೆಯ ವಾರದ ಬುಧವಾರ, ಎಂಟು ಗಂಟೆಗೆ ಮುಂಚೆ, ಜೆಲಿಂದಾ ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಕುಂಟೆ ಹಿಡಿದು ಹೋಗುತ್ತಿದ್ದ ನೀವೆಸ್ ಅಲ್ಲೇ ನಿಂತರು.

"ಮುಗೀತಾ ಅಮ್ಮ?"

"ಮುಗೀತು ಕಣೇ. ಕೊನೇ ಅಕ್ಷರದ ತನಕ." ಭೂತಗನ್ನಡಿಯನ್ನು ಚೀಲಕ್ಕೆ ಹಾಕುತ್ತ ಜೆಲಿಂದಾ ಅಂದರು: "ಕೊಂದೋನು ಯಾರು ಅಂತ ಆ ಮಿಲಾನಿನವನು ಕೂಗಿದ ದಿನಾನೇ ಗೊತ್ತಾಯ್ತು. ಹಾಳಾಗಿರೋದು ನನ್ನ ಕಣ್ಣು, ಕಿವಿ ಅಲ್ಲ."

ನೀವೆಸ್ ಕುಂಟೆಯ ಕಾವಿಗೆ ಒರಗಿಕೊಂಡರು. "ಗೊತ್ತಿದ್ದೂ ಮತ್ತೆ ಒಂದು ತಿಂಗಳು..."

"ನೀವೆಲ್ಲ ಅಷ್ಟು ಕಷ್ಟಪಟ್ಟು ಬಾಯಿ ಮುಚ್ಕೊಂಡಿದ್ರಿ. ನನಗೆ ಗೊತ್ತಾಯ್ತು ಅಂದ್ರೆ ನಿಮಗೆ ಹೆಂಗಾಗ್ತಿತ್ತು? ಅದಕ್ಕೆ ನಾನೂ ಮುಚ್ಕೊಂಡೆ. ಅಲ್ಲದೆ ಕೊಂದೋನು ಯಾರಾದ್ರೆ ನನಗೇನು? ವೆರ್ನೊಕ್ಕಿ ಕೆಲಸ ಬಿಟ್ಟು ಮನೆಗೆ ಹೆಂಗೆ ಹೋಗ್ತಾನೆ ಅಂತ ನೋಡ್ಬೇಕಿತ್ತು. ನೋಡ್ದೆ." ಪುಸ್ತಕವನ್ನು ನೀವೆಸ್ ಕೈಗೆ ಕೊಟ್ಟರು. "ಇದುವರೆಗೂ ನೀನೇ ನನಗೆ ಹೇಳ್ತಿದ್ದೆ, ಇದು ಓದಿ ಅದು ಓದಿ ಅಂತ. ಈಗ ನಾನು ಹೇಳ್ತೀನಿ, ಇದನ್ನ ಓದು. ಆ ಹೆಸರು ಗೊತ್ತಿದ್ರೂ ಓದು. ಏನೂ ಕಮ್ಮಿ ಆಗಲ್ಲ."

ಸುದ್ದಿ ಸಂಜೆಯೊಳಗೆ ಎಲ್ಲ ಕೊಡೆಗಳಿಗೂ ಹರಡಿತು. ಆವತ್ತು ಮೊದಲ ಬಾರಿಗೆ ಜೆಲಿಂದಾರನ್ನು ಕೈಹಿಡಿದು ನಲ್ಲಿಗಳ ಹಿಂದೆ ಕರೆದುಕೊಂಡು ಹೋದರು. ಕತ್ತಲಾಗುವ ತನಕ ಕೊಲೆಗಾರನ ಹೆಸರನ್ನು ಮನಸ್ಸಿಗೆ ಬಂದಷ್ಟು ಸಲ ಅಂದರು.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ನೀವೆಸ್ ಕೊಡೆಯ ಬಟ್ಟೆಯಿಂದ ಮರಳು ಕೊಡವುತ್ತ ಯೋಚಿಸುತ್ತಾರೆ. "ಮುಗಿಸಿ ಹೋದೋರನ್ನ ಕಳಿಸಕ್ಕೆ ನನಗೆ ಬೇಜಾರಿಲ್ಲ. ಅರ್ಧಕ್ಕೇ ಬಿಟ್ಟು ಹೋಗ್ತಾರಲ್ಲ, ಅವರೇ ಚಳಿಗಾಲದಲ್ಲಿ ನೆನಪಾಗೋದು. ಯಾರೂ ಅರ್ಧಕ್ಕೆ ಹೋಗ್ದೆ ಇದ್ರೆ ಸಾಕು."

ಜೆಲಿಂದಾ ಮೊನಾರಿ ಮೊದೆನಾಕ್ಕೆ ಹೊರಟದ್ದು ಆಗಸ್ಟಿನ ಕೊನೆಯ ಭಾನುವಾರ, ಅಳಿಯನ ಕಾರಿನಲ್ಲಿ, ಊಟ ಮುಗಿಸಿ.