ಕುನಿಯೆಯ ಕೈಗೆ ಬಂದ ಕೇರೆಮರಿ

ತ್ಸುಯಾಮಾ ಊರಿನ ದೊಡ್ಡ ಅಂಗಡಿಯೊಂದರಲ್ಲಿ, ದೂರು ಕೇಳುವ ಕೌಂಟರಿನ ಹಿಂದೆ ಕುನಿಯೆ ಇಪ್ಪತ್ತೆರಡು ವರ್ಷದಿಂದ ನಿಂತಿದ್ದಾಳೆ. ಅನ್ನದ ಕುಕ್ಕರ್ ಕೆಟ್ಟರೂ ಅವಳದೇ ತಪ್ಪು, ಕೊಡೆ ಸೋರಿದರೂ ಅವಳದೇ ತಪ್ಪು. ಗಿರಾಕಿ ದನಿ ಏರಿಸುವ ಮೊದಲೇ ಅವಳ ಬೆನ್ನು ಬಾಗಿರುತ್ತದೆ. ಬಸ್ಸಿನಲ್ಲಿ ಯಾರಾದರೂ ಅವಳ ಕಾಲು ತುಳಿದರೆ ಕ್ಷಮೆ ಕೇಳುವವಳೂ ಅವಳೇ.

ಆ ವಸಂತದಲ್ಲಿ ಅವಳ ಹಿತ್ತಲಿನ ಹಳೆಯ ಅಕ್ಕಿ ಕಣಜ ಕೆಡವುವಾಗ ಹಲಗೆಯಡಿ ಪೆನ್ಸಿಲ್ ದಪ್ಪದ ಹಾವಿನ ಮರಿಯೊಂದು ಸಿಕ್ಕಿತು. ತಲೆ ಚಪ್ಪಟೆ ಮಾಡಿ, ಬಾಲ ಪಟಪಟ ಬಡಿದು, ಬಾಯಿ ತೆರೆದು ಎಗರಿತು.

"ಮಾಮುಶಿ! ವಿಷದ್ದು!" ಎಂದು ಕೆಲಸದವನು ಸಲಿಕೆ ಎತ್ತಿದ.

"ಏಯ್, ನಿಲ್ಸೋ!" ಬೇಲಿಯಾಚೆಯಿಂದ ಪಕ್ಕದ ಮನೆಯ ಮೊರಿವಾಕಿ ಅಜ್ಜ ಕೂಗಿದ. ಚಾಪೆ ಹೆಣೆದು ಬೆರಳೆಲ್ಲ ಗಂಟುಗಟ್ಟಿದ ಮುದುಕ. "ಕಣ್ಣು ನೋಡು, ಪಾಪೆ ದುಂಡಗಿದೆ. ಕೇರೆಮರಿ ಅದು. ಮಾಮುಶಿ ವೇಷ ಹಾಕ್ಕೊಂಡು ನಿನ್ನಂಥ ದಡ್ಡರನ್ನ ಹೆದರಿಸ್ತಿದೆ. ಕಣಜ ಕಾಯೋ ಹಾವನ್ನ ಕೊಲ್ತಾರೇನೋ?"

ದುಂಡಗಿದ್ದದ್ದು ಎಡಗಣ್ಣು. ಬಲಗಣ್ಣಿನ ಮೇಲೆ ಕಳಚದೆ ಉಳಿದ ಹಳೆಯ ಪೊರೆ ಬೆಳ್ಳಗೆ ಅಂಟಿತ್ತು. ಅಜ್ಜ ಅದನ್ನು ನೋಡಿ ತಲೆಯಾಡಿಸಿದ. "ಮುಂದಿನ ಸಲ ಪೊರೆ ಬಿಡೋದ್ರೊಳಗೆ ಇದನ್ನ ತೆಗೀಬೇಕು. ಇಲ್ಲಾಂದ್ರೆ ಕಣ್ಣು ಹೋಯ್ತು ಅಂತಲೇ ತಿಳ್ಕೊ. ಆದ್ರೆ ಮೊದಲು ಅದು ಕೈಗೆ ಬರ್ಬೇಕಲ್ಲ."

ಕುನಿಯೆ ಅದಕ್ಕೆ ಕೊಮೆ, ಅಂದರೆ ಅಕ್ಕಿ, ಎಂದು ಹೆಸರಿಟ್ಟು ಕಾಗದ ಹಾಸಿದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಆ ಕಣ್ಣು ಉಳಿಸಬೇಕೆಂಬ ಹಟ ಅವಳಿಗೆ ಎಲ್ಲಿಂದ ಬಂತೋ, ಅವಳಿಗೇ ಗೊತ್ತಿಲ್ಲ. ದಿನವೂ ಸಂಜೆ ಮುಚ್ಚಳ ತೆಗೆದು ಕೈ ಇಳಿಸುವಳು. ಬಾಲ ಕಾಗದದ ಮೇಲೆ ತಮಟೆ ಬಾರಿಸುವುದು. "ಅಯ್ಯೋ, ತಪ್ಪಾಯ್ತು, ತಪ್ಪಾಯ್ತು" ಎಂದು ಅವಳು ಕೈ ಎಳೆದುಕೊಳ್ಳುವಳು. ಸಾಲದ್ದಕ್ಕೆ ಒಂದು ನಮಸ್ಕಾರ ಬೇರೆ. ಮೂರು ವಾರ ಹೀಗೇ ಕಳೆಯಿತು. ಮರಿಯ ಸಿಟ್ಟು ಇಳಿಯುವ ಬದಲು ಏರಿತು. ಈಗ ಅವಳ ನೆರಳು ಬಿದ್ದರೂ ಸಾಕು, ಗಾಜಿಗೆ ಮೂತಿ ಬಡಿಯುತ್ತಿತ್ತು.

ಇದನ್ನು ಕಣ್ಣಾರೆ ಕಂಡ ದಿನ ಅಜ್ಜ ಚಹಾ ಚೆಲ್ಲುವಷ್ಟು ನಕ್ಕ.

"ಹಾವಿಗೆ ನಮಸ್ಕಾರ ಹಾಕ್ತೀಯೇನೇ! ಅದೇನು ನಿಮ್ಮಂಗಡಿ ಗಿರಾಕಿನಾ?"

"ಅದಕ್ಕೆ ಹೆದರಿಕೆ ಆಗ್ತಿದೆ, ಅಜ್ಜ."

"ಹೆದರಿಕೆನೇ. ಬಾಯಿ ತೆಗೆದ್ರೆ ಕೈ ಓಡಿಹೋಗತ್ತೆ ಅಂತ ಪಾಠ ಹೇಳ್ಕೊಟ್ಟಿದ್ದು ಯಾರು? ನೀನೇ. ಮೇಲಿಂದ ಕೈ ಹಾಕ್ಬೇಡ, ಅದಕ್ಕೆ ನೀನು ಹದ್ದು. ಕೈ ತೊಳ್ಕೊಂಡು, ಪಕ್ಕದಿಂದ, ಹೊಟ್ಟೆ ಕೆಳಗೆ ನಿಧಾನಕ್ಕೆ ಜಾರಿಸು. ಕಚ್ಚಿದ್ರೆ ಕಚ್ಲಿ, ಅಲ್ಲೇ ಇರು. ಅದು ಸುಮ್ಮನಾದ ಮೇಲೇ ಕೆಳಗಿಳಿಸು, ಅದಕ್ಕೆ ಮೊದಲು ಬೇಡ."

ಮರುದಿನ ಅದು ಕಚ್ಚಿಯೇಬಿಟ್ಟಿತು. ಗುಲಾಬಿ ಮುಳ್ಳು ತರಚಿದಷ್ಟು ನೋವು, ಅಷ್ಟೇ. ಆದರೆ ಕೈ ಅಲ್ಲೇ ಇಡುವುದಿದೆಯಲ್ಲ, ಅದು ಕಷ್ಟ. "ತಪ್ಪಾಯ್ತು" ಎಂಬುದು ತುಟಿಯವರೆಗೆ ಬಂತು, ನುಂಗಿಕೊಂಡಳು. ಬೆನ್ನು ತಾನಾಗಿ ಬಾಗಹೊರಟಿತು, ತಡೆದಳು. ಮರಿಗೂ ಏನೋ ಎಡವಟ್ಟಾಯಿತೆನ್ನಿಸಿರಬೇಕು. ಇನ್ನೊಮ್ಮೆ ಎಗರಿ, ಮತ್ತೊಮ್ಮೆ ಎಗರಿ, ಕೊನೆಗೆ ಸುಸ್ತಾಗಿ ನಾಲಿಗೆ ಹೊರಹಾಕಿ ಆ ಓಡದ ಕೈಯನ್ನು ಮೂಸಿತು.

ದಿನಕ್ಕೆ ಐದು ನಿಮಿಷ, ಆಮೇಲೆ ಹತ್ತು. ಮರಿ ತಿಂದ ಮೇಲೆ ಎರಡು ದಿನ ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಹನ್ನೆರಡನೆಯ ದಿನ ಬಾಲ ಬಡಿಯಲಿಲ್ಲ. ಬೆರಳಿನಿಂದ ಬೆರಳಿಗೆ ಅದು ಹರಿಯುವಾಗ ಕುನಿಯೆ ಉಸಿರು ಬಿಗಿಹಿಡಿದಳು. ಕಾಲಿಲ್ಲ, ಕೈಯಿಲ್ಲ, ಒಂದೊಂದು ಹುರುಪೆಯೂ ತನ್ನ ಕೆಲಸ ತಾನೇ ಬಲ್ಲಂತೆ ಅವಳ ಚರ್ಮ ಹಿಡಿದು ಮುಂದೆ ಸಾಗುತ್ತಿತ್ತು. ಇಷ್ಟು ಸಣ್ಣ ಜೀವ ಇಷ್ಟು ದೊಡ್ಡವಳನ್ನು ನಂಬಿತಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

ಮುಂದಿನ ಭಾನುವಾರ ಕೊಮೆಯ ಮೈಬಣ್ಣ ಮಂಕಾಗತೊಡಗಿತ್ತು. ಹೊಸ ಪೊರೆ ಬಿಡುವ ಸೂಚನೆ. ಇನ್ನು ತಡಮಾಡುವಂತಿರಲಿಲ್ಲ. ಅಜ್ಜ ಎದುರು ಕೂತ. ಅವಳು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಅದರೊಳಗಿಂದ ಕೊಮೆಯನ್ನು ಹರಿಯಲು ಬಿಟ್ಟಳು. ಒಂದು ಸಲ, ಏನೂ ಆಗಲಿಲ್ಲ. ಐದು ಸಲ, ಆಗಲೂ ಇಲ್ಲ.

"ಉಗುರು ಹಾಕಿ ಕೀಳ್ಬೇಡ ಮತ್ತೆ" ಎಂದ ಅಜ್ಜ, ಮೆಲ್ಲಗೆ.

ಒಂಬತ್ತನೆಯ ಸಲ ತಲೆ ಹೊರಬಂದಾಗ ಟವೆಲಿನ ಮೇಲೆ ಅಕ್ಕಿ ನುಚ್ಚಿನಷ್ಟು ಚಿಕ್ಕ, ಪಾರದರ್ಶಕ ಬಟ್ಟಲಿನಂಥ ಪೊರೆಯೊಂದು ಅಂಟಿಕೊಂಡಿತ್ತು.

"ಬಂತು! ಬಂತಲ್ಲೇ! ನಂಗೆ ಕೊಡು, ಪರ್ಸಲ್ಲಿಟ್ರೆ ಅದೃಷ್ಟ ಕಣೇ!" ಅಜ್ಜ ಕೈಚಾಚಿದ.

ಕುನಿಯೆಗೆ ಅದು ಕೇಳಿಸಲಿಲ್ಲ. ಬೆಳ್ಳಗಿದ್ದ ಜಾಗದಲ್ಲಿ ಈಗ ಜೇನುಬಣ್ಣದ ಕಣ್ಣೊಂದಿತ್ತು, ನಡುವೆ ದುಂಡನೆಯ ಕಪ್ಪು ಪಾಪೆ, ಪಾಪೆಯ ಮೇಲೆ ಕಿಟಕಿಯ ಬಿಂಬ, ಕಿಟಕಿಗೆ ಅಡ್ಡವಾಗಿ ಅವಳದೇ ಮುಖ. ಅವಳು ಮುಖ ತಗ್ಗಿಸಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

"ಕಾಣಿಸ್ತಿದೀನೇನೋ?" ಎಂದಳು.

ಕೊಮೆ ಅವಳ ಹೆಬ್ಬೆರಳಿನ ಮೇಲೆ ಗದ್ದ ಊರಿ, ಎರಡೂ ಕಣ್ಣಲ್ಲಿ ಅವಳನ್ನೇ ನೋಡುತ್ತ ಮಲಗಿತು.